ಕೈಕಾಲು ಆಡದ ಹೊತ್ತಲ್ಲಿ ಹನ್ನೊಂದು ಸ್ಟೆಪ್ ಯಾರಿಗೆ ನೆನಪಿರುತ್ತೆ?

ಶಾಲಾ ಶಿಕ್ಷಣ ಇಲಾಖೆ ಮತ್ತು ವಿದ್ಯಾರ್ಥಿನಿಲಯಗಳನ್ನು ನಡೆಸುವ ಇಲಾಖೆಗಳ ಅಧಿಕಾರಿಗಳಿಗೆ, ಹೆಣ್ಣುಮಕ್ಕಳ ಆತ್ಮರಕ್ಷಣೆ ತರಬೇತಿಯ ಬಗ್ಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಚಿತ್ರದುರ್ಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ಕಳೆದ ವರ್ಷ ನಮ್ಮಲ್ಲಿ ಆತ್ಮರಕ್ಷಣೆ ತರಬೇತಿಯ ಸಮಾರೋಪ ಜೋರಾಗಿಯೇ ನಡೆಯಿತು. ಶಾಮಿಯಾನ ಹಾಕಿದ್ದರು. ಅರವತ್ತು ಹುಡುಗಿಯರು ಸಾಲಾಗಿ ನಿಂತು ‘ಇಚಿ, ನಿ, ಸಾನ್’ ಅನ್ನೋ ಜಪಾನಿ ಲೆಕ್ಕಕ್ಕೆ ಸರಿಯಾಗಿ ಕೈ ಬೀಸಿದರು. ಬಿಳಿ ಡ್ರೆಸ್ ಸಿಕ್ಕಿದ್ದು ಮುಂದಿನ ಸಾಲಿಗೆ ಮಾತ್ರ. ಒಬ್ಬಳು ಹೆಂಚು ಒಡೆದಳು. ಕೊನೆಗೆ ಇನ್ನೊಬ್ಬಳು ತನ್ನ ಮಣಿಕಟ್ಟು ಹಿಡಿದ ‘ಕಳ್ಳ’ನನ್ನು ಹನ್ನೊಂದು ಸ್ಟೆಪ್‌ನಲ್ಲಿ ನೆಲಕ್ಕೆ ಕೆಡವಿದಳು. ಚಪ್ಪಾಳೆ ಬಿತ್ತು. ಫೋಟೋ ವಾಟ್ಸಾಪ್ ಗ್ರೂಪಿಗೆ ಹೋಯಿತು, ವರದಿ ಆಫೀಸಿಗೆ ಹೋಯಿತು. ನಾನೂ ಚಪ್ಪಾಳೆ ತಟ್ಟಿದೆ. ಸುಳ್ಳು ಯಾಕೆ ಹೇಳಲಿ, ಹೆಮ್ಮೆಯೇ ಆಗಿತ್ತು.

ಸೋಮವಾರ ಕೊನೇ ಪೀರಿಯಡ್‌ನಲ್ಲಿ ಅದೇ ಹುಡುಗಿಯರಲ್ಲಿ ಎಂಟು ಜನರನ್ನು ಮೈದಾನಕ್ಕೆ ಕರೆದೆ. ಏನು ಮಾಡ್ತೀನಿ ಅಂತ ಮೊದಲೇ ಹೇಳಿದೆ. ಬೇಡ ಅನ್ನೋರು ಮರದ ಕೆಳಗೆ ಕೂತ್ಕೊಳ್ಳಿ ಅಂದೆ. ಯಾರೂ ಕೂರಲಿಲ್ಲ. ಬ್ಯಾಗ್ ಹಾಕಿಸಿಕೊಂಡೇ ಎರಡು ಸುತ್ತು ಓಡಿಸಿದೆ. ಏದುಸಿರು ಬಿಡುತ್ತಾ ನಿಂತಾಗ, ಯಾರನ್ನು ಮೊದಲು ಅಂತ ಹೇಳದೆ, ಒಬ್ಬೊಬ್ಬಳ ಮಣಿಕಟ್ಟು ಹಿಡಿದು ಗದರಿ ಎಳೆದೆ.

ಹೆಂಚು ಒಡೆದವಳು ನನ್ನ ಮುಖ ನೋಡಿ ನಕ್ಕಳು. ಇನ್ನೊಬ್ಬಳು, ‘ಮಿಸ್, ನೀವು ಎಡಗೈ ಹಿಡಿದ್ರಲ್ಲ, ನಾವು ಕಲ್ತಿದ್ದು ಬಲಗೈಗೆ’ ಅಂದಳು. ಹನ್ನೊಂದು ಸ್ಟೆಪ್‌ನ ಹುಡುಗಿ ನನ್ನ ಹೆಬ್ಬೆರಳು ಹುಡುಕುತ್ತಲೇ ಮೂರು ಹೆಜ್ಜೆ ನನ್ನ ಹಿಂದೆ ಬಂದಳು. ಬೆವರಿಗೆ ಅವಳ ಬೆರಳು ಜಾರುತ್ತಿತ್ತು. ಎಂಟು ಜನರಲ್ಲಿ ಬಿಡಿಸಿಕೊಂಡವಳು ಒಬ್ಬಳೇ. ತರಬೇತಿಯಲ್ಲಿ ಹಿಂದಿನ ಸಾಲಿನಲ್ಲಿ ನಿಂತು, ಸ್ಟೆಪ್ ಬರಲ್ಲ ಅಂತ ದಿನಾ ಬೈಸಿಕೊಂಡವಳು. ಕಬಡ್ಡಿ ಟೀಮಿನ ಹುಡುಗಿ. ಕೈ ಹಿಡಿದ ಕೂಡಲೇ ‘ಏಯ್ ಬಿಡೋ!’ ಅಂತ ಕಿರುಚಿ, ಸೊಂಟ ತಗ್ಗಿಸಿ, ಇಡೀ ಮೈ ತಿರುಗಿಸಿ ಎಳೆದ ರಭಸಕ್ಕೆ ನಾನೇ ಮುಗ್ಗರಿಸಿದೆ. ಸುಧಾರಿಸಿಕೊಂಡು ನೋಡುವಷ್ಟರಲ್ಲಿ ಅವಳು ನೀರಿನ ಟ್ಯಾಂಕ್ ಹತ್ತಿರ ಇದ್ದಳು. ವಾಪಸ್ ಬಂದು, ‘ಸಾರಿ ಮಿಸ್, ಬಿಡೋ ಅಂದ್ಬಿಟ್ಟೆ’ ಅಂತ ನಾಲಿಗೆ ಕಚ್ಚಿಕೊಂಡಳು.

ಈ ಪತ್ರಕ್ಕೆ ಅವಳೇ ಕಾರಣ.

ಹೆದರಿದಾಗ ಮೈಗೆ ಏನಾಗುತ್ತೆ ಅನ್ನೋದು ನಮ್ಮ ಮಾತಿನಲ್ಲೇ ಇದೆ. ಎದೆ ಢವಢವ ಅಂತು, ನಾಲಿಗೆ ಒಣಗಿತು, ಕಣ್ಣು ಕತ್ತಲೆ ಬಂತು, ಕೈಕಾಲು ಆಡಲಿಲ್ಲ ಅಂತೀವಿ. ಅಡ್ರಿನಲಿನ್ ಏರುತ್ತದೆ, ರಕ್ತ ತೊಡೆ, ಬೆನ್ನು, ಭುಜದಂಥ ದೊಡ್ಡ ಸ್ನಾಯುಗಳ ಕಡೆ ಹರಿಯುತ್ತದೆ, ಬೆರಳು ನಡುಗುತ್ತವೆ. ಸ್ಕೂಟಿಯಿಂದ ಬಿದ್ದು ಎದ್ದ ಮೇಲೆ ಮನೆಗೆ ಫೋನ್ ಮಾಡೋಕೆ ಹೋಗಿ, ಫೋನಿನ ಲಾಕ್ ತೆಗೆಯೋಕೇ ಮೂರು ಸಲ ಪ್ರಯತ್ನಿಸಿದವರಿಗೆ ಇದು ಗೊತ್ತು. ಅದೇ ಹೊತ್ತಲ್ಲಿ ಬಿದ್ದ ಗಾಡಿಯನ್ನು ಒಬ್ಬರೇ ಎತ್ತಿ ನಿಲ್ಲಿಸಿರುತ್ತಾರೆ!

ಓಡೋದು, ತಳ್ಳೋದು, ಎಳೆಯೋದು, ಹಾರೋದು, ತುಳಿಯೋದು, ಇಡೀ ಮೈ ತಿರುಗಿಸೋದು: ಇವನ್ನೆಲ್ಲ ಟ್ರೈನಿಂಗ್‌ಗಳಲ್ಲಿ ಗ್ರಾಸ್ ಮೋಟಾರ್ ಸ್ಕಿಲ್ ಅಂತ ಹೇಳಿಕೊಟ್ಟಿದ್ದರು. ಪುಸ್ತಕದಲ್ಲಿ ಸ್ಥೂಲ ಚಲನಾ ಕೌಶಲ ಅಂತ ಇರುತ್ತದೆ. ಸೂಜಿಗೆ ದಾರ ಪೋಣಿಸೋದು, ಗುಂಡಿ ಹಾಕೋದು, ಬರೆಯೋದು ಸೂಕ್ಷ್ಮ ಕೌಶಲ. ಎದುರಿನವನ ಹೆಬ್ಬೆರಳು ಹುಡುಕಿ ಹಿಡಿದು, ಅವನ ಅಂಗೈ ಹಿಂಭಾಗಕ್ಕೆ ನಮ್ಮ ನಾಲ್ಕು ಬೆರಳು ಸೇರಿಸಿ ತಿರುಚೋದು ಈ ಎರಡನೇ ಜಾತಿಗೆ ಸೇರಿದ್ದು. ನಮ್ಮ ಹುಡುಗಿಯರಿಗೆ ಮೂರು ತಿಂಗಳು ಕಲಿಸಿದ್ದು ಹೆಚ್ಚಾಗಿ ಅದನ್ನೇ.

ಇಲ್ಲಿ ನನ್ನ ಕಡೆಯವರ ಕಿವಿಯನ್ನೂ ಸ್ವಲ್ಪ ಹಿಂಡಬೇಕು. ಎದೆಬಡಿತ ನಿಮಿಷಕ್ಕೆ 115 ದಾಟಿದರೆ ಬೆರಳ ಕೆಲಸ ಕೆಡುತ್ತೆ, 145 ದಾಟಿದರೆ ಕಷ್ಟದ ಪಟ್ಟು ಯಾವುದೂ ಬರಲ್ಲ ಅಂತ ತರಬೇತಿಗಳಲ್ಲಿ, ವಿಡಿಯೋಗಳಲ್ಲಿ ಅಳೆದು ಕೊಟ್ಟವರ ಹಾಗೆ ಹೇಳ್ತಾರೆ. ಅಷ್ಟು ಸರಳ ಅಲ್ಲ. ಬಯಾಥ್ಲಾನ್ ಆಟಗಾರರು ಹಿಮದ ಮೇಲೆ ಕಿಲೋಮೀಟರ್‌ಗಟ್ಟಲೆ ಜಾರಿ ಬಂದು, ಎದೆ ಹೊಡೆದುಕೊಳ್ಳುತ್ತಿರುವಾಗಲೇ 50 ಮೀಟರ್ ದೂರದ ಸಣ್ಣ ಗುರಿಗೆ ರೈಫಲ್‌ನಿಂದ ಹೊಡೆಯುತ್ತಾರೆ. ಓಟದ ಎದೆಬಡಿತ ಬೇರೆ, ಭಯದ ಎದೆಬಡಿತ ಬೇರೆ. ಆ ಲೆಕ್ಕದಲ್ಲಿ ನನ್ನ ಎರಡು ಸುತ್ತಿನ ಪರೀಕ್ಷೆಯೂ ಅರ್ಧಂಬರ್ಧವೇ. ವರ್ಷಗಟ್ಟಲೆ ಸಾವಿರಾರು ಸಲ ಮಾಡಿದ ಸೂಕ್ಷ್ಮ ಕೆಲಸವೂ ಭಯದಲ್ಲಿ ಉಳಿಯಬಹುದು. ಆದರೆ ನಮ್ಮ ಹುಡುಗಿಯರಿಗೆ ವರ್ಷಗಟ್ಟಲೆ ಎಲ್ಲಿದೆ? ಸಮಗ್ರ ಶಿಕ್ಷಣದ ಅಡಿಯಲ್ಲಿ ರಾಣಿ ಲಕ್ಷ್ಮೀಬಾಯಿ ಹೆಸರಿನ ಯೋಜನೆ ಇದೆ. 6ರಿಂದ 12ನೇ ತರಗತಿಯ ಸರ್ಕಾರಿ ಶಾಲೆಯ ಹುಡುಗಿಯರಿಗೆ ಮೂರು ತಿಂಗಳ ತರಬೇತಿ, ಶಾಲೆಗೆ ತಿಂಗಳಿಗೆ 5000 ರೂಪಾಯಿ. ಅದರಲ್ಲಿ ಹಬ್ಬ, ಪರೀಕ್ಷೆ, ಮಳೆ ಕಳೆದರೆ ಕೈಗೆ ಸಿಗೋದು ಎಷ್ಟು ಗಂಟೆ ಅಂತ ನೀವೇ ಲೆಕ್ಕ ಹಾಕಿ. ಅಷ್ಟರಲ್ಲಿ ಏನು ಕಲಿಸಬಹುದು, ಏನು ಬಿಡಬೇಕು ಅನ್ನೋದೇ ನನ್ನ ಪ್ರಶ್ನೆ.

ಈ ಪ್ರಶ್ನೆ ನನಗಿಂತ ಮೊದಲು ದೊಡ್ಡ ದೊಡ್ಡವರಿಗೇ ಬಂದಿತ್ತು. ವಿಲಿಯಂ ಫೇರ್‌ಬೇರ್ನ್ ಅಂತ ಒಬ್ಬ ಬ್ರಿಟಿಷ್ ಪೊಲೀಸ್ ಅಧಿಕಾರಿ ಶಾಂಘೈಯಲ್ಲಿದ್ದ. ಜೂಡೋದಲ್ಲಿ ಬ್ಲ್ಯಾಕ್ ಬೆಲ್ಟ್. ಗೊತ್ತಿದ್ದ ಪಟ್ಟುಗಳಿಗೆ ಲೆಕ್ಕ ಇರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಕಮಾಂಡೋಗಳನ್ನು ತರಬೇತು ಮಾಡಲು ಕರೆದಾಗ ಟೈಮ್ ಕಡಿಮೆ, ಹುಡುಗರು ಹೊಸಬರು. ಆತ ತನ್ನ ವಿದ್ಯೆಯನ್ನೆಲ್ಲ ಜರಡಿ ಹಿಡಿದು, ಅಂಗೈಯ ಬುಡದಿಂದ ಗಲ್ಲಕ್ಕೆ ಹೊಡೆತ, ಕೈಯಂಚಿನ ಏಟು, ಮೊಣಕಾಲು, ಬೂಟುಗಾಲಿನ ತುಳಿತ, ಇಂಥ ಕೆಲವನ್ನೇ ಮುಖ್ಯ ಮಾಡಿಕೊಂಡ. ತುಂಬಾ ಗೊತ್ತಿದ್ದವನು ಕಡಿಮೆ ಕಲಿಸಿದ. ನಮ್ಮಲ್ಲಿ ಉಲ್ಟಾ. ಕೋರ್ಸು ಸಣ್ಣದಾದಷ್ಟೂ ಐಟಂ ಜಾಸ್ತಿ!

ಕಡಿಮೆ ಇದ್ದರೆ ಇನ್ನೊಂದು ಲಾಭ. 1952ರಲ್ಲಿ ಹಿಕ್ ಅನ್ನೋ ಮನಶ್ಶಾಸ್ತ್ರಜ್ಞ, ಯಾವ ದೀಪ ಹೊತ್ತಿತೋ ಅದರ ಗುಂಡಿ ಒತ್ತೋ ಪ್ರಯೋಗ ಮಾಡಿದ. ದೀಪಗಳ ಸಂಖ್ಯೆ ಜಾಸ್ತಿಯಾದಷ್ಟೂ ಕೈ ನಿಧಾನ. ಒಂದು ಕೈ ಹಿಡಿದರೆ ಇದು, ಎರಡು ಕೈ ಹಿಡಿದರೆ ಅದು, ಜಡೆ ಹಿಡಿದರೆ ಮತ್ತೊಂದು ಅಂತ ಇಪ್ಪತ್ತು ಪಟ್ಟು ತುಂಬಿಸಿದರೆ ನಮ್ಮ ಹುಡುಗಿ ನಿಂತಲ್ಲೇ ಯೋಚಿಸುತ್ತಾಳೆ. ನನ್ನ ಹಿಂದೆ ಮೂರು ಹೆಜ್ಜೆ ಬಂದವಳು ಯೋಚಿಸುತ್ತಲೇ ಬಂದಿದ್ದು.

ಹಾಗಂತ ಕರಾಟೆ ಮಾಸ್ಟರ್‌ಗಳನ್ನು ದೂರುತ್ತಿದ್ದೇನೆ ಅಂದುಕೊಳ್ಳಬೇಡಿ. ಆ ದುಡ್ಡಿಗೆ ಮೂರು ಊರಿಗೆ ಬೈಕಿನಲ್ಲಿ ಓಡಾಡಿ ಕಲಿಸುವವರು ಅವರು. ಸ್ಟೇಜ್ ಮೇಲೆ ಏನಾದರೂ ಕಾಣಬೇಕು ಅಂತ ಕೇಳೋದು ನಾವು. ಕಟಾ, ಅಂದರೆ ಮೊದಲೇ ಗೊತ್ತುಮಾಡಿದ ವರಸೆಗಳನ್ನು ಸಾಲಾಗಿ ಮಾಡಿ ತೋರಿಸೋದು, ಚೆಂದ, ಮೈಗೆ ಒಳ್ಳೇದು, ಮನಸ್ಸಿಗೂ ಒಳ್ಳೇದು. ಅಂದಹಾಗೆ, ಕರಾಟೆ ಅನ್ನೋದು ಶಾಲೆಗಳೊಳಗೆ ಗಟ್ಟಿಯಾಗಿ ಕಾಲಿಟ್ಟಿದ್ದರ ಹಿಂದೆಯೂ ಒಂದು ಪತ್ರ ಇದೆ. ಜಪಾನಿನ ಓಕಿನಾವಾ ದ್ವೀಪದ ಇತೊಸು ಅಂಕೊ ಎಂಬ ಹಿರಿಯ ಗುರು 1908ರ ಅಕ್ಟೋಬರ್‌ನಲ್ಲಿ ಹತ್ತು ಅಂಶಗಳ ಪತ್ರ ಬರೆದು, ಶಾಲೆಗಳಲ್ಲಿ ಇದನ್ನು ಕಲಿಸಿ ಅಂತ ಕೇಳಿಕೊಂಡರು. ಮಕ್ಕಳು ಸಾಲಾಗಿ ನಿಂತು ಮಾಡೋಕೆ ಅನುಕೂಲವಾಗಲಿ ಅಂತ ಪಿನಾನ್ ಅನ್ನೋ ಐದು ಕಟಾಗಳನ್ನು ಹೊಂದಿಸಿದವರೂ ಅವರೇ. ಆ ಪತ್ರದಲ್ಲಿ ಒಂದು ಮಾತಿದೆ: ಅಭ್ಯಾಸ ಮೈಯ ಆರೋಗ್ಯಕ್ಕೋ, ಕೆಲಸಕ್ಕೆ ಬರಲಿ ಅಂತಲೋ, ಮೊದಲು ತೀರ್ಮಾನ ಮಾಡಿಕೊಳ್ಳಿ. ನಿಮಗೂ ನಾನು ಅದನ್ನೇ ಕೇಳ್ತಿದ್ದೇನೆ. ವ್ಯಾಯಾಮಕ್ಕೆ ಕಟಾ ಇರಲಿ. ಅದಕ್ಕೆ ಆತ್ಮರಕ್ಷಣೆ ಅಂತ ಸರ್ಟಿಫಿಕೇಟ್ ಕೊಡಬೇಡಿ. ಆ ಕಾಗದ ನಂಬಿಕೊಂಡು ಹುಡುಗಿ ಕತ್ತಲಲ್ಲಿ ಧೈರ್ಯ ಮಾಡ್ತಾಳೆ.

ನಮ್ಮ ರಾಜ್ಯದ ವಿದ್ಯಾರ್ಥಿನಿಲಯಗಳಲ್ಲಿ ಈ ತರಬೇತಿ ನಡೆಯೋದು ಓಬವ್ವನ ಹೆಸರಲ್ಲಿ. ನಮ್ಮ ಊರ ಕೋಟೆಯ ಹೆಣ್ಣುಮಗಳು. ಹೆಸರು ಇಟ್ಟವರು ಆಕೆಯ ಕೈಯಲ್ಲಿ ಏನಿತ್ತು ಅಂತ ಒಂದು ಸಲ ಯೋಚಿಸಿದ್ದರೆ ಈ ಪತ್ರದ ಅಗತ್ಯವೇ ಇರುತ್ತಿರಲಿಲ್ಲ. ಗಂಡ ಊಟಕ್ಕೆ ಕೂತಿದ್ದ. ನೀರಿಗೆ ಹೋದ ಓಬವ್ವನಿಗೆ ಕಿಂಡಿಯ ಹತ್ತಿರ ಸದ್ದು ಕೇಳಿತು. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತೂರಿ ಬರುತ್ತಿದ್ದರು. ಆಕೆ ಕತ್ತಿ ಹುಡುಕಲಿಲ್ಲ, ಒನಕೆ ತಂದಳು. ಕಿಂಡಿಯಲ್ಲಿ ತಲೆ ಕಂಡ ಹಾಗೆಲ್ಲ ಎತ್ತಿ ಹಾಕಿದಳು. ಈ ಕಥೆಯನ್ನು ನಾವೆಲ್ಲ ಧೈರ್ಯದ ಕಥೆ ಅಂತ ಕೇಳಿದ್ದೇವೆ. ದೈಹಿಕ ಶಿಕ್ಷಕಿಯಾಗಿ ನನಗೆ ಕಾಣೋದು ಇನ್ನೊಂದು.

ಒನಕೆ ಹಿಡಿದು ಭತ್ತ ಕುಟ್ಟೋದನ್ನು ನೋಡಿದವರು ಈಗ ಕಡಿಮೆ. ನಮ್ಮಜ್ಜಿ ಕುಟ್ಟೋದನ್ನು ನಾನು ನೋಡಿದ್ದೇನೆ. ಕಾಲು ಅಗಲಿಸಿ ನಿಲ್ಲೋರು. ಒನಕೆ ತಲೆಗಿಂತ ಮೇಲಕ್ಕೆ ಹೋಗೋದು. ಕೆಳಗೆ ಬರುವಾಗ ಕೈಬಲ ಹಾಕುತ್ತಿರಲಿಲ್ಲ, ಮೈಯ ಭಾರ ಇಡೀ ಬಿಡೋರು. ಒರಳಿಗೆ ಬೀಳೋ ಹೊತ್ತಿಗೆ ‘ಹ್ಞುಂ’ ಅಂತ ಉಸಿರು ಹೊರಗೆ ಬರೋದು. ಬಲಗೈ ಸೋತರೆ ಎಡಗೈ. ಕೈ ಬದಲಾಯಿಸೋದು ಕಣ್ಣಿಗೇ ಕಾಣುತ್ತಿರಲಿಲ್ಲ. ಸುವ್ವಿ ಹಾಡು ಆ ಉಸಿರಿಗೇ ಹೊಂದಿಕೊಂಡಿರೋದು. ಹೊಡೆಯುವಾಗ ಕೂಗಿ, ಉಸಿರು ಬಿಡಿ, ಸೊಂಟದಿಂದ ಬಲ ತನ್ನಿ ಅಂತ ಯಾವ ಮಾಸ್ಟರ್ ಕಲಿಸುತ್ತಾರೋ, ಅದೆಲ್ಲ ಅಜ್ಜಿಯ ಮೈಯಲ್ಲಿ ಇತ್ತು. ಓಬವ್ವ ಅವತ್ತು ಹೊಸದೇನನ್ನೂ ಮಾಡಲಿಲ್ಲ. ದಿನಾ ಮಾಡಿದ್ದನ್ನೇ ಮಾಡಿದಳು, ಒರಳು ಮಾತ್ರ ಬೇರೆ ಇತ್ತು.

ನಮ್ಮ ಹುಡುಗಿಯರ ಮೈ ದಿನಾ ಏನು ಮಾಡುತ್ತೆ? ಬಾವಿಯಿಂದ ನೀರು ಸೇದೋದು ಹೋಯಿತು, ಒನಕೆ ಅಟ್ಟ ಸೇರಿತು. ಅದು ಹೋಗಿದ್ದು ಒಳ್ಳೇದೇ, ಆ ದುಡಿತ ಯಾರಿಗೂ ಬೇಡ. ಆದರೆ ಅದರ ಜಾಗಕ್ಕೆ ಬರಬೇಕಾದ ಆಟ ಬರಲಿಲ್ಲ. ಮೈನೆರೆದ ಕೂಡಲೇ ಕುಂಟೆಬಿಲ್ಲೆ ನಿಂತುಹೋಗುತ್ತೆ, ಹಗ್ಗದಾಟ ನಿಂತುಹೋಗುತ್ತೆ, ‘ದೊಡ್ಡೋಳಾಗಿದ್ದೀಯ, ಏನೇ ಅದು ಕುಣಿಯೋದು’ ಅಂತಾರೆ. ಶಾಲೆಯಲ್ಲಾದರೂ ಆಡಿಸೋಣ ಅಂದರೆ ಎಸ್ಸೆಸ್ಸೆಲ್ಸಿ ರಿಸಲ್ಟ್ ಅಂತ ಆಟದ ಪೀರಿಯಡ್ ಗಣಿತಕ್ಕೆ ಹೋಗುತ್ತೆ. ಗಣಿತದ ಮೇಲೆ ನನಗೆ ಕೋಪ ಇಲ್ಲ. ನನ್ನ ಪೀರಿಯಡ್ ಮಾತ್ರ ಎಲ್ಲರ ಕಣ್ಣಿಗೆ ಖಾಲಿ ಸೈಟಿನ ಹಾಗೆ ಕಾಣುತ್ತಲ್ಲ, ಅದಕ್ಕೆ ಕೋಪ.

ಮೊಣಕಾಲಿನಿಂದ ಗುದ್ದಬೇಕು ಅಂದರೆ ಒಂಟಿ ಕಾಲಲ್ಲಿ ನಿಲ್ಲೋಕೆ ಬರಬೇಕು. ಒಂಬತ್ತನೇ ಕ್ಲಾಸಿನ ಅರ್ಧ ಹುಡುಗಿಯರು ಒಂಟಿ ಕಾಲಲ್ಲಿ ಹತ್ತು ಎಣಿಸೋದರೊಳಗೆ ಓಲಾಡ್ತಾರೆ. ಇವರಿಗೆ ಕುಂಟೆಬಿಲ್ಲೆ ವಾಪಸ್ ಕೊಟ್ಟರೆ ಸಾಕು, ಅರ್ಧ ಪಾಠ ಆಯಿತು. ಖೋ ಖೋದಲ್ಲಿ ಓಡುತ್ತಾ ಓಡುತ್ತಾ ತಟ್ಟನೆ ದಿಕ್ಕು ಬದಲಿಸೋದು ಬರುತ್ತೆ. ಕಬಡ್ಡಿಯಲ್ಲಿ ಇನ್ನೊಬ್ಬರ ಕೈ ಮೈಮೇಲೆ ಬಿದ್ದಾಗ ಬೆಚ್ಚಿ ನಿಲ್ಲದೆ, ಕೊಸರಿಕೊಂಡು ಗೆರೆ ಮುಟ್ಟೋದು ಬರುತ್ತೆ. ಈ ಬೆಚ್ಚದಿರೋದಕ್ಕೆ ಹನ್ನೊಂದು ಸ್ಟೆಪ್‌ಗಿಂತ ಬೆಲೆ ಜಾಸ್ತಿ. ಗರಡಿ ಮನೆಯ ಉಸ್ತಾದರು ಪಟ್ಟು ಕಲಿಸೋಕೆ ಮುಂಚೆ ತಿಂಗಳುಗಟ್ಟಲೆ ದಂಡ, ಬಸ್ಕಿ ಹೊಡೆಸ್ತಿದ್ದದ್ದು ಸುಮ್ನೆ ಅಲ್ಲ. ನಮ್ಮ ಶಾಲೆಗಳಲ್ಲಿ ಬಸ್ಕಿ ಅಂದರೆ ಹೋಂವರ್ಕ್ ಮಾಡದವರಿಗೆ ಕೊಡೋ ಶಿಕ್ಷೆ ಆಗಿಬಿಟ್ಟಿದೆ, ಅದು ಬೇರೆ ಕಥೆ.

ಆ ಸೋಮವಾರದ ನಂತರ ನಾನು ಒಂದು ಗೋಣಿಚೀಲಕ್ಕೆ ಶೇಂಗಾ ಹೊಟ್ಟು ತುಂಬಿ, ಬಾಯಿ ಹೊಲಿದು, ಮೈದಾನದ ಬೇವಿನ ಮರಕ್ಕೆ ನೇತುಹಾಕಿದೆ. ಹೊಡೀರಿ ಅಂದೆ. ಮೊದಲ ದಿನ ನೋಡಿ ನನಗೆ ಅಳು ಬಂತು. ಎಷ್ಟೋ ಹುಡುಗಿಯರು ಮುಷ್ಟಿ ಕಟ್ಟಿದ್ದು ಹೆಬ್ಬೆರಳನ್ನು ಒಳಗೆ ಇಟ್ಟುಕೊಂಡು. ಹಾಗೆ ಜೋರಾಗಿ ಹೊಡೆದರೆ ಮುರಿಯೋದು ಅವರದೇ ಬೆರಳು. ಮೂರು ತಿಂಗಳು ಗಾಳಿಗೆ ಹೊಡೆದವರಿಗೆ ಯಾರೂ ಅದನ್ನು ನೋಡಿ ಹೇಳಿರಲಿಲ್ಲ, ನಾನೂ ಸೇರಿ. ಮುಷ್ಟಿಯೇ ಬೇಡ, ಅಂಗೈಯ ಬುಡದಿಂದ ತಳ್ಳಿ ಹೊಡೀರಿ ಅಂದೆ. ಬೀರುವಿನ ಬಾಗಿಲು ತಳ್ಳಿದ ಹಾಗೆ, ಕಾಲಿನಿಂದ ಬಲ ತಂದು. ಒಬ್ಬಳು ಚೀಲವನ್ನು ಮುದ್ದು ಮಾಡೋ ಹಾಗೆ ಮುಟ್ಟಿ ಹಿಂದೆ ಸರಿದಳು. ಜೀವನದಲ್ಲಿ ಯಾವುದಕ್ಕೂ ಪೂರ್ತಿ ಬಲ ಹಾಕಿ ಹೊಡೆದೇ ಇಲ್ಲದ ಮಗು. ಹತ್ತನೇ ಸಲಕ್ಕೆ ‘ಧಪ್’ ಅಂತ ಸದ್ದು ಬಂತು. ಅವಳು ತನ್ನ ಕೈ ನೋಡಿಕೊಂಡಳು, ಆಮೇಲೆ ನನ್ನನ್ನು ನೋಡಿದಳು. ಬೈತೀನೇನೋ ಅಂತ.

ಈಗ ನಮ್ಮಲ್ಲಿ ಇರೋದು ಐದೇ. ಅಂಗೈಯ ಬುಡದ ಹೊಡೆತ, ಮೊಣಕೈ, ಮೊಣಕಾಲು, ಹಿಮ್ಮಡಿಯಿಂದ ಪಾದದ ಮೇಲೆ ತುಳಿತ, ಮತ್ತೆ ಮೈ ತಿರುಗಿಸಿ ಕೈ ಕಿತ್ತುಕೊಳ್ಳೋದು. ಮಣಿಕಟ್ಟು ಹಿಡಿದವನ ಹೆಬ್ಬೆರಳಿಗೂ ಉಳಿದ ಬೆರಳಿಗೂ ನಡುವೆ ಇರೋ ಸಂದೇ ಹಿಡಿತದ ಸಡಿಲ ಜಾಗ. ಬೆರಳು ಹುಡುಕೋದು ಬೇಡ, ಮೊಣಕೈ ಮುಂದೆ ತಂದು ಇಡೀ ಮೈ ತಿರುಗಿಸಿದರೆ ಕೈ ಆ ಸಂದಿಯಿಂದ ಜಾರಿ ಬರುತ್ತೆ. ಪ್ರತಿಯೊಂದರ ಜೊತೆ ಕೂಗು, ಪ್ರತಿಯೊಂದರ ಕೊನೆಗೆ ಓಟ. ನಿಂತು ಕಾದಾಡೋದು ನಮ್ಮ ಪಾಠದಲ್ಲಿ ಇಲ್ಲ. ಇದೆಲ್ಲ ಚೂಡಿದಾರದಲ್ಲೇ, ವೇಲ್ ಪಿನ್ ಹಾಕಿಕೊಂಡೇ, ಬ್ಯಾಗ್ ಬೆನ್ನ ಮೇಲೆ ಇಟ್ಟುಕೊಂಡೇ. ಟ್ರ್ಯಾಕ್ ಪ್ಯಾಂಟಿನಲ್ಲಿ ಕಲಿತಿದ್ದು ಬಸ್‌ಸ್ಟ್ಯಾಂಡಿನಲ್ಲಿ ಬರಲ್ಲ. ವೇಲ್ ಹಿಡಿದು ಎಳೆದರೆ ಬಿಟ್ಟು ಓಡು, ಬ್ಯಾಗ್ ಹಿಡಿದರೆ ಬ್ಯಾಗ್ ಅವನಿಗೇ ಕೊಟ್ಟು ಓಡು ಅಂತ ಹೇಳ್ತೀನಿ. ಹೊಸ ಬ್ಯಾಗ್ ಮಿಸ್, ಅಮ್ಮ ಬೈತಾರೆ ಅಂದಳು ಒಬ್ಬಳು. ಅಮ್ಮನ ಹತ್ರ ನಾನು ಮಾತಾಡ್ತೀನಿ ಅಂದೆ.

ಕೂಗೋದು ಮಾತ್ರ ಎಲ್ಲಕ್ಕಿಂತ ಕಷ್ಟ. ಕೈ ಬೇಗ ಕಲಿಯುತ್ತೆ, ಗಂಟಲು ಕಲಿಯಲ್ಲ. ಅದರಲ್ಲೂ ಎದುರಿಗಿರೋನು ಗೊತ್ತಿರೋನಾದರೆ. ದೇಶದ ಅಪರಾಧ ದಾಖಲೆಗಳ ಪ್ರಕಾರ ಅತ್ಯಾಚಾರದ ಹತ್ತು ಕೇಸಿನಲ್ಲಿ ಒಂಬತ್ತಕ್ಕೂ ಹೆಚ್ಚರಲ್ಲಿ ಆರೋಪಿ ಪರಿಚಯದವನೇ. ನಮ್ಮ ತರಬೇತಿಯ ‘ಕಳ್ಳ’ ಮಾತ್ರ ಯಾವಾಗಲೂ ಮುಖಕ್ಕೆ ಕರ್ಚೀಫ್ ಕಟ್ಟಿದ ಅಪರಿಚಿತ. ಮಾವ ಅನ್ನಿಸಿಕೊಂಡವನಿಗೆ, ಪಕ್ಕದ ಮನೆಯ ಅಣ್ಣನಿಗೆ ‘ಕೈ ತೆಗಿ’ ಅನ್ನೋದನ್ನು ಬಾಯಿಬಿಟ್ಟು ಅಭ್ಯಾಸ ಮಾಡಿಸಬೇಕು. ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ 893 ವಿದ್ಯಾರ್ಥಿನಿಯರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ತೋರಿಸಿತು. ತರಬೇತಿ ಒಟ್ಟು 12 ಗಂಟೆ. ಮೈ ಬಳಸಿ ತಡೆಯೋದು ಅದರ ನಾಲ್ಕು ಭಾಗಗಳಲ್ಲಿ ಒಂದರಲ್ಲಿ ಮಾತ್ರ. ಉಳಿದದ್ದು ಅಪಾಯ ಗುರುತಿಸೋದು, ಪರಿಚಯದವನು ಅನ್ನೋ ಮುಲಾಜು ದಾಟೋದು, ತನಗೇನು ಬೇಕು ಅಂತ ತಾನೇ ತಿಳಿದುಕೊಳ್ಳೋದು. ಬರೀ ಕರಪತ್ರ ಪಡೆದವರಲ್ಲಿ ಒಂದು ವರ್ಷದೊಳಗೆ ಅತ್ಯಾಚಾರಕ್ಕೆ ಒಳಗಾದವರು ಶೇ. 9.8, ತರಬೇತಿ ಪಡೆದವರಲ್ಲಿ ಶೇ. 5.2. ಹನ್ನೆರಡೇ ಗಂಟೆ. ನಮಗೆ ಮೂರು ತಿಂಗಳಿದೆ.

ಇಷ್ಟೆಲ್ಲ ಕಲಿತರೂ ಆ ಹೊತ್ತಲ್ಲಿ ಮೈ ಮರಗಟ್ಟಬಹುದು. ಅದೂ ಮೈಯದೇ ಒಂದು ಪ್ರತಿಕ್ರಿಯೆ, ಹುಡುಗಿಯ ತಪ್ಪಲ್ಲ. ‘ಟ್ರೈನಿಂಗ್ ಕೊಟ್ಟಿದ್ರಲ್ಲ, ಯಾಕೆ ಹೊಡೀಲಿಲ್ಲ’ ಅಂತ ಯಾರೂ ಕೇಳಕೂಡದು ಅನ್ನೋದನ್ನು ನಿಮ್ಮ ಸುತ್ತೋಲೆಯಲ್ಲೇ ಬರೆದು ಕಳಿಸಿ. ಹೊಡೆದರೆ ನಮ್ಮ ಮೇಲೇ ಕೇಸ್ ಆಗಲ್ವಾ ಅಂತ ಹುಡುಗಿಯರು ಕೇಳ್ತಾರೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕಿನ ಬಗ್ಗೆಯೇ ಇವೆ. ಠಾಣೆಯ ಮಹಿಳಾ ಸಿಬ್ಬಂದಿ ಒಬ್ಬರು ಬಂದು ಅರ್ಧ ಗಂಟೆ ಅದನ್ನು ಬಿಡಿಸಿ ಹೇಳಿದರೆ ಸಾಕು.

ನಾನು ಕೇಳೋದಕ್ಕೆ ದುಡ್ಡು ಜಾಸ್ತಿ ಬೇಕಾಗಿಲ್ಲ. ಮುಂದಿನ ವರ್ಷದ ಆದೇಶದಲ್ಲಿ ಸಮಾರೋಪದ ಪ್ರದರ್ಶನ ಮತ್ತು ಫೋಟೋ ಕಡ್ಡಾಯ ಅನ್ನೋದನ್ನು ತೆಗೆಯಿರಿ. ಅದರ ಬದಲು, ಓಡಿಸಿ ಸುಸ್ತು ಮಾಡಿ, ಹೇಳದೆ ಹಿಡಿದಾಗ ಎಷ್ಟು ಜನ ಬಿಡಿಸಿಕೊಂಡರು ಅಂತ ಬರೆದು ಕಳಿಸಲು ಹೇಳಿ. ನಮ್ಮ ಶಾಲೆಯ ಲೆಕ್ಕ ಎಂಟಕ್ಕೆ ಒಂದು ಇತ್ತು, ಈಗ ಎಂಟಕ್ಕೆ ಐದು. ಪೂರ್ತಿ ಎಂಟು ಅಂತ ಬರೆದು ಕಳಿಸೋ ಶಾಲೆಯನ್ನು ನಂಬಬೇಡಿ. ಶಾಲೆಗೆ ಎರಡು ಕಿಕ್ ಪ್ಯಾಡ್, ಅಂದರೆ ಹೊಡೆದು ಅಭ್ಯಾಸ ಮಾಡೋ ದಪ್ಪ ದಿಂಬು, ಕೊಡಿಸಿ. ಮೈ ಮುಟ್ಟಿ ಕಲಿಸೋ ವಿದ್ಯೆ ಇದು, ಆದಷ್ಟೂ ಹೆಣ್ಣುಮಕ್ಕಳನ್ನೇ ಮಾಸ್ಟರ್ ಮಾಡಿ ಕಳಿಸಿ. ಮೂರು ತಿಂಗಳಲ್ಲಿ ಮುಗಿಸಿ ಕೈ ತೊಳೆದುಕೊಳ್ಳೋ ಬದಲು ವಾರಕ್ಕೆ ಹದಿನೈದು ನಿಮಿಷ ವರ್ಷಪೂರ್ತಿ ಇರಲಿ. ಆಟದ ಪೀರಿಯಡ್ ಆಟಕ್ಕೇ ಇರಲಿ, ಅದಕ್ಕೊಂದು ಗಟ್ಟಿ ಆದೇಶ ಹೊರಡಿಸಿ.

ಅಥವಾ ಒಂದು ಗುರುವಾರ ನಮ್ಮಲ್ಲಿಗೇ ಬನ್ನಿ. ಕೊನೇ ಪೀರಿಯಡ್, ಮೂರೂವರೆ ಗಂಟೆಗೆ. ಹಾರ, ಶಾಲು, ಶಾಮಿಯಾನ ಯಾವುದೂ ಇರಲ್ಲ, ಬೇವಿನ ಮರದ ಕೆಳಗೆ ನೆರಳಿದೆ. ಫೋಟೋ ತೆಗೆಯೋರನ್ನು ಕರೆತರಬೇಡಿ, ಹುಡುಗಿಯರು ನಾಚಿಕೊಂಡು ಕೂಗೋದು ನಿಲ್ಲಿಸ್ತಾರೆ. ಹೋದ ವಾರ ಎರಡನೇ ಗೋಣಿಚೀಲವೂ ಹರಿದು ಹೊಟ್ಟೆಲ್ಲ ಚೆಲ್ಲಿತು. ಬರುವಾಗ ಒಂದೆರಡು ಗಟ್ಟಿ ಚೀಲ ಸಿಕ್ಕರೆ ತನ್ನಿ.

ಇಂತಿ,
ಒಬ್ಬ ದೈಹಿಕ ಶಿಕ್ಷಕಿ
ಚಿತ್ರದುರ್ಗ ಜಿಲ್ಲೆ